ಜೇಡಕ್ಕೊಂದು ಅಮ್ಮನಿಗೊಂದು ಅಂತ ಎರಡು ಲೆನ್ಸ್ ಬೇಕಾ?

ಹೋದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ಒಂದೇ ಒಂದು ಲೆನ್ಸಿಗೆ ದುಡ್ಡಿದೆ. ಹುಳ ಹುಪ್ಪಟೆ ಫೋಟೋನೂ ತೆಗೀಬೇಕು, ಪಾಪುದೂ ತೆಗೀಬೇಕು. ಯಾವುದು ತಗೊಳ್ಳಲಿ?" ಅಂತ. ನಾನು ಖುಷಿಯಲ್ಲಿ ಮುಕ್ಕಾಲು ಗಂಟೆ ಕೊರೆದೆ. ಫೋನ್ ಇಟ್ಟ ಐದು ನಿಮಿಷಕ್ಕೆ ಮೆಸೇಜ್ ಬಂತು: "ಒಂದೂ ತಲೆಗೆ ಹೋಗಲಿಲ್ಲ, ಬರೆದು ಕಳಿಸು." ಬರೆಯೋದೇ ಆದರೆ ಇಲ್ಲೇ ಬರೆದರಾಯಿತು. ಇದೇ ಪ್ರಶ್ನೆ ಕೇಳಿದವರು ಇನ್ನೂ ನಾಲ್ಕು ಜನ ಇದ್ದಾರೆ.

ನನ್ನ ಹತ್ತಿರ ಇರುವುದು ನಿಕಾನ್ ಡಿ7200. ಹಳೇ ಕ್ಯಾಮೆರಾ, ಕ್ರಾಪ್ ಸೆನ್ಸರ್. ಅಂದರೆ ಒಳಗೆ ಫೋಟೋ ಮೂಡುವ ಫಲಕ ಸ್ವಲ್ಪ ಚಿಕ್ಕದು, ದೊಡ್ಡದಕ್ಕೆ ಫುಲ್ ಫ್ರೇಮ್ ಅನ್ನುತ್ತಾರೆ. ಕೆಲಸ ಬೆಂಗಳೂರಲ್ಲಿ, ಊರು ಸಾಗರದ ಹತ್ತಿರ. ಹಾಗಾಗಿ ನನ್ನ ಫೋಟೋಗ್ರಫಿ ಏನಿದ್ದರೂ ಹಬ್ಬಕ್ಕೋ ರಜೆಗೋ ಮನೆಗೆ ಹೋದಾಗ, ಹಿತ್ತಿಲಲ್ಲಿ. ಚಿಕ್ಕ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿನ ವಿಷಯದಲ್ಲಿ ಎರಡು ಸಲ ದುಡ್ಡು ಹಾಳು ಮಾಡಿಕೊಂಡಿದ್ದೇನೆ, ಅದನ್ನೂ ಹೇಳುತ್ತೇನೆ.

ಮೊದಲು ಒಂದು ಮಾತು. ಲೆನ್ಸಿನ ಮೇಲೆ ಮ್ಯಾಕ್ರೋ ಅಂತ ಬರೆದಿದ್ದ ಮಾತ್ರಕ್ಕೆ ಅದು ಮ್ಯಾಕ್ರೋ ಆಗಿಬಿಡುವುದಿಲ್ಲ. 70-300 ಜೂಮ್‌ಗಳ ಮೇಲೂ ಆ ಪದ ಇರುತ್ತದೆ. ನೋಡಬೇಕಾದ್ದು 1:1 ಇದೆಯಾ ಅಂತ. ಅಂದರೆ ಒಂದು ಸೆಂಟಿಮೀಟರ್ ಉದ್ದದ ಇರುವೆ ಸೆನ್ಸರ್ ಮೇಲೂ ಒಂದು ಸೆಂಟಿಮೀಟರ್ ಉದ್ದಕ್ಕೇ ಬೀಳಬೇಕು. ನನ್ನ ಕ್ಯಾಮೆರಾದ ಸೆನ್ಸರ್ 23.5 ಮಿಲಿಮೀಟರ್ ಅಗಲ, ಆದ್ದರಿಂದ ಆ ಇರುವೆ ಫೋಟೋದ ಹತ್ತಿರಹತ್ತಿರ ಅರ್ಧ ತುಂಬಿಕೊಳ್ಳುತ್ತದೆ. ಲೆನ್ಸ್ 1:4 ಆಗಿದ್ದರೆ ಅದೇ ಇರುವೆ ಎರಡೂವರೆ ಮಿಲಿಮೀಟರ್ ಆಗಿ ಮೂಲೆಯಲ್ಲೊಂದು ಚುಕ್ಕೆ. ಅಂಗಡಿಯವರು ಏನೇ ಹೇಳಲಿ, ಸ್ಕೂಲ್ ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಒಂದು ಜೇಬಲ್ಲಿಟ್ಟುಕೊಂಡು ಹೋಗಿ. ಲೆನ್ಸ್ ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೋ ಅಷ್ಟು ಹತ್ತಿರದಿಂದ ಸ್ಕೇಲಿನ ಒಂದು ಫೋಟೋ ತೆಗೆದು, ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಎಷ್ಟು ಗೀರು ಕಾಣುತ್ತವೆ ಎಣಿಸಿ. ಕ್ರಾಪ್ ಸೆನ್ಸರಿನಲ್ಲಿ 23-24 ಗೀರು, ಫುಲ್ ಫ್ರೇಮಿನಲ್ಲಿ 36 ಗೀರು ಕಂಡರೆ ಅದು ಅಸಲಿ. ನೂರು ಕಂಡರೆ ಅದು ಜೂಮ್ ಲೆನ್ಸು, ಅಷ್ಟೇ. (ನಿಕಾನ್‌ನವರು ಇದೇ ಲೆನ್ಸಿಗೆ ಮೈಕ್ರೋ ಅನ್ನುತ್ತಾರೆ. ಹೆಸರು ಬೇರೆ, ವಸ್ತು ಅದೇ. ಗಾಬರಿ ಬೇಡ.)

ನಾನು ಶುರು ಮಾಡಿದ್ದು ರಿವರ್ಸ್ ರಿಂಗಿನಲ್ಲಿ. 50 ಎಂಎಂ ಎಫ್/1.8ಡಿ ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಗೆ ಸಿಕ್ಕಿಸುವ ಬಳೆ ಅದು. (ಎಂಎಂ ನಂಬರ್ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಫ್ ನಂಬರ್ ಚಿಕ್ಕದಾದಷ್ಟೂ ಬೆಳಕು ಜಾಸ್ತಿ, ಹಿನ್ನೆಲೆ ಮಸುಕೂ ಜಾಸ್ತಿ.) ತಲೆಕೆಳಗಾದ 50 ಎಂಎಂ ಸರಿಸುಮಾರು 1:1 ಕೊಟ್ಟೇ ಕೊಡುತ್ತದೆ, ಮೊದಲ ದಿನ ದಾಸವಾಳದ ಕೇಸರ ನೋಡಿ ನಾನು ಕೂಗಿಕೊಂಡಿದ್ದೆ. ಆದರೆ ಆಟೋಫೋಕಸ್ ಇಲ್ಲ, ಕೆಲವು ಕ್ಯಾಮೆರಾಗಳು ಬೆಳಕಿನ ಲೆಕ್ಕವನ್ನೂ ಹೇಳುವುದಿಲ್ಲ, ಲೆನ್ಸಿನ ಹಿಂಭಾಗದ ಗಾಜು ಮಳೆಗೆ ಧೂಳಿಗೆ ಬಾಯಿ ತೆರೆದುಕೊಂಡಿರುತ್ತದೆ. ಇನ್ನೊಂದು, ಲೆನ್ಸಿನ ಮೇಲೆ ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ತಿರುಗಿಸುವ ಬಳೆ ಇರಬೇಕು. ನಿಕಾನ್‌ನ ಹೊಸ ಜಿ ಲೆನ್ಸುಗಳಲ್ಲಿ (ಎಫ್ ನಂಬರಿನ ಕೊನೆಗೆ ಜಿ ಇರುವವು) ಅದಿಲ್ಲ, ಕ್ಯಾಮೆರಾದಿಂದ ಬಿಚ್ಚಿದ ಕೂಡಲೇ ಕಣ್ಣು ಮುಚ್ಚಿಕೊಂಡುಬಿಡುತ್ತವೆ. ದುಡ್ಡಿಲ್ಲದವರಿಗೆ ಇದಕ್ಕಿಂತ ಎಕ್ಸ್‌ಟೆನ್ಶನ್ ಟ್ಯೂಬ್ ವಾಸಿ. ಒಳಗೆ ಗಾಜೇ ಇಲ್ಲದ ಖಾಲಿ ಕೊಳವೆ, 50 ಎಂಎಂ ಲೆನ್ಸಿಗೆ 25 ಎಂಎಂ ಕೊಳವೆ ಸೇರಿಸಿದರೆ ಇರುವುದರ ಜೊತೆಗೆ ಇನ್ನೂ 1:2ರಷ್ಟು ಮ್ಯಾಗ್ನಿಫಿಕೇಶನ್ (ಹಿಗ್ಗುವಿಕೆ) ಸಿಗುತ್ತದೆ. ಆದರೆ ಅದನ್ನು ಹಾಕಿಕೊಂಡು ದೂರದ್ದನ್ನು ಫೋಕಸ್ ಮಾಡಲು ಆಗುವುದಿಲ್ಲ. ಹುಳ ತೆಗೆಯುತ್ತಾ ಇರುವಾಗ ಅಮ್ಮ ಬಾಗಿಲಿಗೆ ಬಂದು ನಿಂತರೆ ಅಮ್ಮನ ಫೋಟೋ ಇಲ್ಲ.

ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ನಿಕಾನ್ 60 ಎಂಎಂ ಎಫ್/2.8ಜಿ ತಗೊಂಡೆ. ಒಳ್ಳೇ ಲೆನ್ಸ್, ಅದರಲ್ಲಿ ತಪ್ಪಿಲ್ಲ. ತಪ್ಪು ನನ್ನದು. ನಾನು ನೋಡಿದ್ದು "18.5 ಸೆಂಟಿಮೀಟರಿಗೆ ಫೋಕಸ್ ಆಗುತ್ತದೆ" ಅಂತ. ಒಂದು ಗೇಣು, ಸಾಕಲ್ವಾ ಅಂದುಕೊಂಡೆ. ಆ ಗೇಣನ್ನು ಎಲ್ಲಿಂದ ಅಳೆಯುತ್ತಾರೆ ಅಂತ ಗೊತ್ತಿರಲಿಲ್ಲ! ಕ್ಯಾಮೆರಾದ ತಲೆಯ ಮೇಲೆ ಒಂದು ಸೊನ್ನೆಗೆ ಅಡ್ಡ ಗೀರು ಎಳೆದ ಹಾಗೆ ಸಣ್ಣ ಗುರುತು ಇರುತ್ತದೆ, ನೋಡಿ. ಅದು ಒಳಗೆ ಸೆನ್ಸರ್ ಇರುವ ಜಾಗ. ಅಳತೆ ಅಲ್ಲಿಂದ. ಹದಿನೆಂಟೂವರೆಯಲ್ಲಿ ಕ್ಯಾಮೆರಾದ ದಪ್ಪ ಕಳೆಯಿರಿ, ಲೆನ್ಸಿನ ಉದ್ದ ಕಳೆಯಿರಿ, ಉಳಿಯುವುದು ಐದು ಸೆಂಟಿಮೀಟರ್. ಎರಡು ಬೆರಳಿಗಿಂತ ಸ್ವಲ್ಪ ಜಾಸ್ತಿ. ಮೂತಿಗೆ ಅಡ್ಡ ಬೆಳಕು ತಡೆಯುವ ಹುಡ್ ಹಾಕಿದರೆ ಅದೂ ಇಲ್ಲ.

ನಮ್ಮ ಹಿತ್ತಿಲ ಮಾವಿನ ಮರದಲ್ಲಿ ಚಗಳಿ ಗೂಡಿದೆ. ಚಗಳಿ ಅಂದರೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಮಲೆನಾಡಿನಲ್ಲಿ ಚಟ್ನಿ ಮಾಡುತ್ತಾರಲ್ಲ, ಅದೇ. ಒಂದು ಬೆಳಿಗ್ಗೆ 60 ಎಂಎಂ ಹಿಡಿದು ಆ ಸಾಲನ್ನು ನೋಡುತ್ತಾ ನಿಂತಿದ್ದೆ. ಎಲ್ಲ ಇರುವೆಗಳೂ ಕೊಂಬೆಯ ಮೇಲೆ ಸಾಲಾಗಿ ಓಡುತ್ತಿದ್ದರೆ ಒಂದು ಮಾತ್ರ ಪಕ್ಕದ ಎಲೆಯ ಮೇಲೆ, ಒಂಟಿಯಾಗಿ, ನಿಂತು ನಿಂತು ನಡೆಯುತ್ತಿತ್ತು. ಯಾಕೋ ನಡಿಗೆ ಸರಿ ಇಲ್ಲ ಅನಿಸಿತು. ಹತ್ತಿರ ಹೋದರೆ ಎಲೆಯ ಕೆಳಗೆ. ಎಲೆ ತಿರುಗಿಸಿದರೆ ಮತ್ತೆ ಮೇಲೆ. ಲೆನ್ಸಿನ ಕಪ್ಪು ನೆರಳು ಎಲೆಯ ಮೇಲೆ ಬಿದ್ದರೆ ಸಾಕು, ಮಾಯ. ಒಂದು ಗಂಟೆಯಲ್ಲಿ ಸಿಕ್ಕಿದ್ದು ಒಂದೇ ಒಂದು ಅರ್ಧಂಬರ್ಧ ಫೋಟೋ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಕಾಲು ಎಣಿಸಿದೆ. ಎಂಟು. ಇರುವೆಯೇ ಅಲ್ಲ, ಜೇಡ! ಚಗಳಿಯ ವೇಷ ಹಾಕಿಕೊಂಡು ಬದುಕುವ ಜಿಗಿಯುವ ಜೇಡ. ಮುಂದಿನ ಎರಡು ಕಾಲನ್ನು ಮೀಸೆಯ ಹಾಗೆ ಎತ್ತಿ ಆಡಿಸುತ್ತದೆ. ಗಂಡು ಜೇಡದ ದವಡೆ ಎಷ್ಟು ಉದ್ದ ಅಂದರೆ, ಒಂದು ಇರುವೆ ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೊರಟ ಹಾಗೆ ಕಾಣುತ್ತದೆ. ಜಿಗಿಯುವ ಜೇಡಗಳ ಕಣ್ಣು ಬಹಳ ಚುರುಕು. ಅಂಥದ್ದರ ಮೂತಿಗೆ ಎರಡು ಬೆರಳು ದೂರದಲ್ಲಿ ಡಬ್ಬಿಯಂಥ ಲೆನ್ಸ್ ಹಿಡಿದರೆ ಅದು ಯಾಕೆ ನಿಲ್ಲುತ್ತದೆ ಹೇಳಿ.

ಮುಂದಿನ ಸಲ ಊರಿಗೆ ಹೋಗುವಾಗ ಮೂರು ದಿನಕ್ಕೆ ನಿಕಾನ್ 105 ಎಂಎಂ ಎಫ್/2.8 ವಿಆರ್ (ಕೈನಡುಕ ತಡೆಯುವ ಸೌಲಭ್ಯ ಇರುವುದು) ಬಾಡಿಗೆಗೆ ತಗೊಂಡು ಹೋದೆ. ಅದರ ಕನಿಷ್ಠ ದೂರ 31.4 ಸೆಂಟಿಮೀಟರ್. ಕ್ಯಾಮೆರಾ, ಲೆನ್ಸ್ ಎಲ್ಲ ಕಳೆದರೂ ಮೂತಿಯಿಂದ ಹುಳಕ್ಕೆ ಹದಿನೈದು ಸೆಂಟಿಮೀಟರ್ ಉಳಿಯುತ್ತದೆ. ಐದಕ್ಕೂ ಹದಿನೈದಕ್ಕೂ ಇರುವ ವ್ಯತ್ಯಾಸ ಕಾಗದದ ಮೇಲೆ ಗೊತ್ತಾಗುವುದಿಲ್ಲ. ಆ ಮೂರು ದಿನದಲ್ಲಿ ಜೇಡ ನನ್ನ ಕಡೆ ತಿರುಗಿ ನಿಂತು ನೋಡಿತು, ನಾನೂ ನೋಡಿದೆ, ನಡುವೆ ಫ್ಲ್ಯಾಶಿನ ಬೆಳಕು ಬೀಳಲಿಕ್ಕೂ ಜಾಗ ಇತ್ತು. ಫ್ಲ್ಯಾಶಿಗೆ ಟ್ರೇಸಿಂಗ್ ಪೇಪರ್ ಎರಡು ಪದರ ಮಡಚಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಅಷ್ಟು ಸಾಕು, ಬೆಳಕು ಮೆತ್ತಗಾಗುತ್ತದೆ.

ಹಾಗಾಗಿ ಎಂಎಂ ನಂಬರ್ ನೋಡುವ ಮೊದಲು, ನೀವು ತೆಗೆಯಬೇಕಾದ್ದು ನಿಮ್ಮನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ ಅಂತ ಯೋಚಿಸಿ. ಹೂವು, ಒಡವೆ, ನಾಣ್ಯ, ಅಡಿಗೆ ಆದರೆ 40, 50, 60 ಎಂಎಂ ಧಾರಾಳ ಸಾಕು, ಕೈಯಲ್ಲಿ ಹಗುರ ಬೇರೆ. ಹುಳಕ್ಕೆ 90ರಿಂದ 105. ಇನ್ನೂ ಅಂಜುಬುರುಕ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಿಗೆ 150, 180, 200 ಎಂಎಂ ಮ್ಯಾಕ್ರೋಗಳೂ ಇವೆ, ಆದರೆ ಭಾರ, ದುಡ್ಡು ಎರಡೂ ಜಾಸ್ತಿ, ಮತ್ತೆ ಅವುಗಳಲ್ಲಿ ಪಾಪು ಫೋಟೋ ತೆಗೆಯಬೇಕಾದರೆ ಪಕ್ಕದ ಮನೆಯ ಅಂಗಳಕ್ಕೆ ಹೋಗಬೇಕು.

ಮನುಷ್ಯರಿಗೂ ಇದೇ ಲೆಕ್ಕ. ಕ್ರಾಪ್ ಸೆನ್ಸರಿನಲ್ಲಿ 105 ಹಾಕಿ, ಕ್ಯಾಮೆರಾ ಉದ್ದಕ್ಕೆ ಹಿಡಿದು, ತಲೆಯಿಂದ ಎದೆಯವರೆಗೆ ತೆಗೆಯಬೇಕಾದರೆ ಹೆಚ್ಚು ಕಮ್ಮಿ 2.8 ಮೀಟರ್ ಹಿಂದೆ ಹೋಗಬೇಕು. ನಮ್ಮ ಜಗಲಿಯಲ್ಲಿ ಪರವಾಗಿಲ್ಲ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬೆನ್ನಿಗೆ ಫ್ರಿಜ್ ಸಿಗುತ್ತದೆ. 60 ಆದರೆ 1.6 ಮೀಟರ್ ಸಾಕು. ಫುಲ್ ಫ್ರೇಮ್ ಇದ್ದವರಿಗೆ 105ಕ್ಕೆ 1.9 ಮೀಟರ್, ಅದು ಮಾತಾಡಿಕೊಂಡು ಫೋಟೋ ತೆಗೆಯುವ ಆರಾಮದ ದೂರ. ಮುಖದ ಆಕಾರ ಚೆನ್ನಾಗಿ ಬರುವುದು ಈ ದೂರದಿಂದಲೇ ಹೊರತು ಲೆನ್ಸಿನ ಜಾದೂ ಏನಿಲ್ಲ. ತೀರಾ ಹತ್ತಿರ ಹೋದರೆ ಯಾವ ಲೆನ್ಸಿನಲ್ಲೂ ಮೂಗೇ ದೊಡ್ಡದು.

"ಪೋರ್ಟ್ರೇಟ್‌ಗೆ 85 ಎಫ್/1.8 ತಗೊಂಡರೆ ಹಿನ್ನೆಲೆ ಬೆಣ್ಣೆ ಹಾಗೆ ಕರಗುತ್ತದಲ್ಲ, ಮ್ಯಾಕ್ರೋದ ಎಫ್/2.8 ಸಾಕಾ?" ಅಂತ ಚಿಕ್ಕಮ್ಮನ ಮಗಳು ಕೇಳಿದ್ದಳು. ಸಾಕು ಅನ್ನುವುದು ನನ್ನ ಮಾತು. ನಾನು ಹೇಳಿದ ಆ 2.8 ಮೀಟರ್ ದೂರದಲ್ಲಿ ಎಫ್/2.8ಕ್ಕೆ ಸ್ಪಷ್ಟವಾಗಿ ಬರುವ ಆಳ ಏಳೆಂಟು ಸೆಂಟಿಮೀಟರ್. ಕಣ್ಣು ಮೂಗು ಬಾಯಿ ಬಂತು, ಕಿವಿ ಆಗಲೇ ಮಸುಕು. ಇನ್ನೂ ಕರಗಿಸಿ ಏನು ಮಾಡುತ್ತೀರಿ? ಆದರೆ ಸಂಜೆ ಹೊತ್ತಿನ ಮನೆಯೊಳಗಿನ ಮಂದ ಬೆಳಕು ಬೇರೆ ವಿಷಯ. ಅಲ್ಲಿ 1.8 ಗೆಲ್ಲುತ್ತದೆ, ಒಪ್ಪುತ್ತೇನೆ.

ಮ್ಯಾಕ್ರೋ ಗೆಲ್ಲುವ ಜಾಗ ಇನ್ನೊಂದಿದೆ. ಅಡಿಕೆ ಸುಗ್ಗಿಯಲ್ಲಿ ಅಮ್ಮ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದಳು. ಕಿಟಕಿಯ ಬೆಳಕು ಒಂದು ಕೆನ್ನೆಗೆ. ಮೊದಲು ಪೂರ್ತಿ ಮುಖ ತೆಗೆದೆ. ಆಮೇಲೆ ಕೂತಲ್ಲೇ ಮುಂದಕ್ಕೆ ಸರಿದು ಕೈ ತೆಗೆದೆ. ಅಡಿಕೆ ಚೊಗರು ಹತ್ತಿ ಹತ್ತಿ ಹೆಬ್ಬೆರಳು, ತೋರುಬೆರಳು ಕಪ್ಪಾಗಿದ್ದವು. ಉಗುರಿನ ಸಂದಿಯಲ್ಲಿ ಸಿಪ್ಪೆಯ ನಾರು ಒಂದೆಳೆ ಸಿಕ್ಕಿಕೊಂಡಿತ್ತು, ಬೆರಳಿನ ಗೀರುಗಳೊಳಗೆ ಕಂದು ಬಣ್ಣ ಇಳಿದು ಅಡಿಕೆ ತೋಟದ ನಕ್ಷೆಯ ಹಾಗೆ ಕಾಣುತ್ತಿತ್ತು. ನಿಕಾನ್ 85 ಎಫ್/1.8 80 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಮುಖ ತೆಗೆದು, ಹಾಗೇ ಕೈಗೆ ಇಳಿದು, ಉಗುರಿನವರೆಗೆ ಹೋಗುವುದು ಅದರಿಂದ ಆಗದು. ಲೆನ್ಸ್ ಬದಲಾಯಿಸುವಷ್ಟರಲ್ಲಿ ಅಮ್ಮ "ಹಾಲು ಉಕ್ಕಿತು" ಅಂತ ಎದ್ದು ಹೋಗಿರುತ್ತಾಳೆ. ನನಗೆ ಮಕ್ಕಳಿಲ್ಲ, ಆದರೆ ಪಾಪುವಿನ ರೆಪ್ಪೆ, ಅಂಗಾಲು, ಮುಷ್ಟಿ ತೆಗೆಯುವವರಿಗೂ ಇದೇ ಮಾತು ಅಂದುಕೊಳ್ಳುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಇದೆ. ಮ್ಯಾಕ್ರೋ ಲೆನ್ಸ್ ಸುಳ್ಳು ಹೇಳುವುದಿಲ್ಲ. ಚರ್ಮದ ರಂಧ್ರ, ಒಣಗಿದ ತುಟಿ, ಮೂಗುಬೊಟ್ಟಿನ ಸುತ್ತಲ ಸಣ್ಣ ಗೀರು ಎಲ್ಲ ಬರುತ್ತದೆ. ನಮ್ಮತ್ತೆಯೊಬ್ಬರು ಫೋಟೋ ನೋಡಿ, "ಇದು ನಾನಲ್ಲ, ನನ್ನ ಅಜ್ಜಿ" ಅಂದುಬಿಟ್ಟರು. ಮೆತ್ತಗಿನ ಬೆಳಕಲ್ಲಿ ಕೂರಿಸಿ, ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಅರ್ಧ ಸರಿಹೋಗುತ್ತದೆ.

ಆಟೋಫೋಕಸ್ ಬಗ್ಗೆ. ಮ್ಯಾಕ್ರೋ ಲೆನ್ಸು ಬೆರಳ ತುದಿಯಿಂದ ಬೆಟ್ಟದವರೆಗೆ ಹುಡುಕಬೇಕು, ಅದಕ್ಕೇ ಒಮ್ಮೊಮ್ಮೆ ಹಿಂದೆ ಮುಂದೆ ಓಡಾಡಿಕೊಂಡು ತಲೆ ಕೆಡಿಸುತ್ತದೆ. ಪಕ್ಕದಲ್ಲಿ ಒಂದು ಸ್ವಿಚ್ ಇರುತ್ತದೆ, 105ರಲ್ಲಿ ಒಂದು ಕಡೆ ಫುಲ್, ಇನ್ನೊಂದು ಕಡೆ ಅರ್ಧ ಮೀಟರಿನಿಂದ ಆಚೆಗೆ ಮಾತ್ರ. ಓಡಾಡುವ ಮಕ್ಕಳ ಫೋಟೋಗೆ ಅದನ್ನು ಅರ್ಧ ಮೀಟರಿಗೆ ಹಾಕಿಡಿ, ಜೀವ ಉಳಿಯುತ್ತದೆ. 1:1ರಲ್ಲಿ ಅಂತೂ ಆಟೋಫೋಕಸ್ ಮರೆತುಬಿಡಿ. ಫೋಕಸ್ ಬಳೆಯನ್ನು ಕೊನೆಗೆ ತಿರುಗಿಸಿಟ್ಟು, ಉಸಿರು ಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಒತ್ತಬೇಕು. ಅಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಬರುವುದು ಒಂದು ಮಿಲಿಮೀಟರ್ ಕೂಡ ಇಲ್ಲ. ಹಾಗಂತ ಎಫ್/32ಕ್ಕೆ ಹೋಗಬೇಡಿ, ಡಿಫ್ರಾಕ್ಷನ್ ಅಂತ ಒಂದಿದೆ, ಕಿಂಡಿ ತೀರಾ ಕಿರಿದಾದರೆ ಬೆಳಕು ಹರಡಿ ಇಡೀ ಫೋಟೋ ಮಂಜಾಗುತ್ತದೆ. ಇನ್ನೊಂದು ವಿಷಯ, ಹತ್ತಿರ ಹೋದ ಹಾಗೆ ನಿಕಾನ್ ಪರದೆಯಲ್ಲಿ ಎಫ್/2.8 ಇದ್ದದ್ದು ತಾನೇ ಏರಿ 4.8 ತೋರಿಸುತ್ತದೆ. ನಾನು ಲೆನ್ಸ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಕೆಟ್ಟಿಲ್ಲ, ಹತ್ತಿರದಲ್ಲಿ ಎಲ್ಲ ಮ್ಯಾಕ್ರೋಗಳೂ ಬೆಳಕು ಕಳೆದುಕೊಳ್ಳುತ್ತವೆ, ನಿಕಾನ್ ಅದನ್ನು ಬಾಯಿಬಿಟ್ಟು ಹೇಳುತ್ತದೆ ಅಷ್ಟೇ.

ವಿಆರ್, ಐಎಸ್ ಅಂತ ಕೈನಡುಕ ತಡೆಯುವ ಸೌಲಭ್ಯಕ್ಕೆ ಜಾಸ್ತಿ ದುಡ್ಡು ಕೊಡಬೇಕಾ? ಪೋರ್ಟ್ರೇಟ್‌ಗೆ ಹೌದು. 1:1ಕ್ಕೆ ಅಷ್ಟೇನಿಲ್ಲ. ಕ್ಯಾನನ್ 2009ರಲ್ಲಿ 100 ಎಂಎಂ ಎಲ್ ಲೆನ್ಸಿಗೆ ಇದಕ್ಕೆಂದೇ ಹೈಬ್ರಿಡ್ ಐಎಸ್ ತಂದಿತು, ಅದರಲ್ಲೂ ಮಾಮೂಲಿ ದೂರದಲ್ಲಿ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದರೆ ಶಟರನ್ನು ಎರಡು ಪಟ್ಟು ಹೊತ್ತು ತೆರೆದಿಡಬಹುದು) ಸಿಕ್ಕರೆ 1:1ರಲ್ಲಿ ಎರಡು ಅಂತ ಕಂಪನಿಯೇ ಹೇಳುತ್ತದೆ. ಜೇಡಕ್ಕೆ ಫ್ಲ್ಯಾಶೇ ವಿಆರ್.

ಈಗ ನನ್ನ ಎರಡನೇ ದಂಡದ ಕತೆ. ಬಾಡಿಗೆ ಲೆನ್ಸಿನ ರುಚಿ ಹತ್ತಿದ ಮೇಲೆ ಆನ್‌ಲೈನಿನಲ್ಲಿ ಒಬ್ಬರಿಂದ ಹಳೆಯ 90 ಎಂಎಂ ಮ್ಯಾಕ್ರೋ ಒಂದನ್ನು ತಗೊಂಡೆ. ಹೊರಗಿನಿಂದ ನೋಡಿದರೆ ಹೊಸ ಪಾತ್ರೆಯ ಹಾಗೆ ಫಳಫಳ. "ಬೀರುವಿನಲ್ಲೇ ಇಟ್ಟಿದ್ದು, ಮುಟ್ಟೇ ಇಲ್ಲ" ಅಂದರು. ಮುಟ್ಟದೆ ಬೀರುವಿನಲ್ಲಿಟ್ಟದ್ದೇ ತೊಂದರೆ! ಎದುರು ಬೆಳಕಿನಲ್ಲಿ ಫೋಟೋ ತೆಗೆದಾಗೆಲ್ಲ ಬಿಳಿಚಿಕೊಂಡು ಬರುತ್ತಿತ್ತು. ಒಂದು ರಾತ್ರಿ ಕರೆಂಟ್ ಹೋದಾಗ ಸುಮ್ನೆ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಬೂಷ್ಟು. ನಾನು ಜೇಡ ತೆಗೆಯಲು ಲೆನ್ಸ್ ತಗೊಂಡರೆ ಲೆನ್ಸಿನೊಳಗೇ ಬಲೆ. ಮಾರಿದವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕ್ಲೀನ್ ಮಾಡಿಸಲು ಕೇಳಿದ ದುಡ್ಡು ಲೆನ್ಸಿನ ಅರ್ಧ ಬೆಲೆ.

ಆದ್ದರಿಂದ ಹಳೇದು ತಗೊಳ್ಳುವವರು ಟಾರ್ಚ್ ಬಿಡದೆ ದುಡ್ಡು ಕೊಡಬೇಡಿ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು, ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಎಳೆ ಎಳೆಯಾಗಿದ್ದರೆ ನಮಸ್ಕಾರ ಹೇಳಿ ಬನ್ನಿ. ಮಲೆನಾಡು, ಕರಾವಳಿ ಕಡೆಯವರಂತೂ ತಗೊಂಡ ಮೇಲೂ ಹುಷಾರು. ಮಳೆಗಾಲದಲ್ಲಿ ನಮ್ಮನೆಯಲ್ಲಿ ಚಪ್ಪಲಿ, ಬೆಲ್ಟು, ಬಾಗಿಲು ಎಲ್ಲಕ್ಕೂ ಬೂಷ್ಟು ಬರುತ್ತದೆ, ಲೆನ್ಸ್ ಯಾವ ಲೆಕ್ಕ. ಚರ್ಮದ ಚೀಲದಲ್ಲಿ ಇಡಲೇಬೇಡಿ. ರಬ್ಬರ್ ಅಂಚಿನ ಬಿಗಿ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಾಂಶ ಮೀಟರ್. ಮುಳ್ಳು 40ರಿಂದ 50 ಶೇಕಡಾ ನಡುವೆ ಇದ್ದರೆ ನಿಶ್ಚಿಂತೆ. ಅದಕ್ಕಿಂತ ಒಳ್ಳೇದು, ವಾರಕ್ಕೊಮ್ಮೆ ತೆಗೆದು ಉಪಯೋಗಿಸುವುದು.

ಬ್ರ್ಯಾಂಡ್ ಬಗ್ಗೆ ಬಹಳ ಎಳೆಯುವುದಿಲ್ಲ. ಈ ಗುಂಪಿನ ಲೆನ್ಸುಗಳಲ್ಲಿ ನಿಜವಾಗಿ ಮಸುಕಾದ್ದು ಅಂತ ನಾನು ನೋಡಿಲ್ಲ, ಎಲ್ಲವೂ ಚೂಪು. ಒಂದೇ ಲೆನ್ಸಿನಲ್ಲಿ ಹುಳ, ಮುಖ ಎರಡೂ ಅನ್ನುವ ಆಸೆ ಹೊಸದೂ ಅಲ್ಲ. ಟ್ಯಾಮ್ರಾನ್ 1979ರಲ್ಲೇ 90 ಎಂಎಂ ಎಫ್/2.5 ತಂದಾಗ ಜನ ಅದಕ್ಕೆ ಪೋರ್ಟ್ರೇಟ್ ಮ್ಯಾಕ್ರೋ ಅಂತಲೇ ಹೆಸರಿಟ್ಟಿದ್ದರು. ಅದು 1:2ರವರೆಗೆ ಮಾತ್ರ ಹೋಗುತ್ತಿತ್ತು, ಆಮೇಲಿನವು 1:1. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಇದ್ದವರಿಗೆ ನಿಕಾನ್ ಜೆಡ್ 105, ಸೋನಿ 90, ಸಿಗ್ಮಾ 105 ಆರ್ಟ್, ಕ್ಯಾನನ್ ಆರ್‌ಎಫ್ 100 ಇವೆ. ಕೊನೆಯದು 1:1 ದಾಟಿ 1.4 ಪಟ್ಟಿನವರೆಗೆ ಹೋಗುತ್ತದೆ. ಕ್ಯಾನನ್‌ನವರದೇ ಆರ್‌ಎಫ್ 85 ಎಫ್/2 ಮ್ಯಾಕ್ರೋ ಅಂತ ಇನ್ನೊಂದಿದೆ, ಅರ್ಧ ಮ್ಯಾಕ್ರೋ, 1:2. ಮುಖವೇ ಮುಖ್ಯ, ಹೂವು ಉಪ್ಪಿನಕಾಯಿಯಷ್ಟು ಸಾಕು ಅನ್ನುವವರಿಗೆ ನಾನು ಅದನ್ನೇ ಹೇಳುವುದು. ಕ್ಯಾಮೆರಾ ಮೌಂಟ್ (ಲೆನ್ಸ್ ಕೂರುವ ಬಾಯಿ) ನೋಡಿಕೊಂಡು ತಗೊಳ್ಳಿ, ಸಿಗ್ಮಾದ ಆ ಲೆನ್ಸ್ ನಿಕಾನ್‌ಗೆ ಹಾಗೇ ಕೂರುವುದಿಲ್ಲ.

ಸರಿ, ಈಗ ನಿನಗೆ, ಪುಟ್ಟಿ. ನಿನ್ನದೂ ನನ್ನ ಹಾಗೇ ಕ್ರಾಪ್ ಸೆನ್ಸರ್, ಮನೆಯೂ ಚಿಕ್ಕದು. ಹುಳ ಪಾಪು ಎರಡೂ ಬೇಕು ಅಂದರೆ 90 ಎಂಎಂ ನೋಡು. 105ಕ್ಕಿಂತ ಒಂದು ಹೆಜ್ಜೆ ಕಮ್ಮಿ ಹಿಂದೆ ಹೋದರಾಯಿತು, ಹುಳಕ್ಕೂ ಸಾಕಷ್ಟು ದೂರ ಉಳಿಯುತ್ತದೆ. ಆದರೆ ತಗೊಳ್ಳುವ ಮೊದಲು ಒಂದು ವಾರಾಂತ್ಯ ಬಾಡಿಗೆಗೆ ತಂದು ನೋಡು. ನಾನು ಆ ಮೂರು ದಿನದ ಬಾಡಿಗೆಯನ್ನು ಮೊದಲೇ ಕೊಟ್ಟಿದ್ದರೆ 60 ಎಂಎಂ ತಗೊಳ್ಳುತ್ತಲೇ ಇರಲಿಲ್ಲ. ಬಾಡಿಗೆಗೆ ತಂದ ದಿನ ಪಾಪು ಮಲಗಿದ ಮೇಲೆ ಕಿಟಕಿ ಪಕ್ಕ ಹೋಗಿ ಮೊದಲು ಅಂಗಾಲು ತೆಗಿ, ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು ಮುಖ. ಗೋಡೆಗೆ ಬೆನ್ನು ತಾಗಿದರೆ ಅಲ್ಲೇ ಗೊತ್ತಾಗುತ್ತದೆ, ನಿನ್ನ ಮನೆಗೆ ಯಾವ ನಂಬರ್ ಅಂತ.

ಮತ್ತೆ, ರಜೆಗೆ ಊರಿಗೆ ಬಂದಾಗ ಆ ಮಾವಿನ ಮರದ ಹತ್ತಿರ ಹೋಗುವುದಾದರೆ ಪ್ಯಾಂಟಿನ ಕಾಲನ್ನು ಸಾಕ್ಸ್ ಒಳಗೆ ಸೇರಿಸಿಕೋ. ಎಂಟು ಕಾಲಿನದನ್ನು ನೋಡುತ್ತಾ ನಿಂತಾಗ ಆರು ಕಾಲಿನವು ಕೆಳಗಿನಿಂದ ಹತ್ತಿಕೊಂಡು ಬಂದಿರುತ್ತವೆ.